ಶೇಂಗಾ ಅಂದ್ರ ಲಾರಿ

ನಮ್ಮನೆಯವರು ರಸ್ತೆ ಇಲಾಖೆಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದರು. ಮದುವೆಯಾದ ಹೊಸದರಲ್ಲಿ ಒಳ್ಳೆಯ ಮನುಷ್ಯರೇ. ಕೆಟ್ಟದ್ದು ಎಪ್ಪತ್ತರ ದಶಕ ಶುರುವಾದ ಮೇಲೆ, ಇಲಾಖೆಯವರು ಎರಡು ವಾರ ತರಬೇತಿಗೆ ಅಂತ ಮುಂಬಯಿಗೆ ಕಳಿಸಿದಾಗ. ಹೋಗುವಾಗ ಡಾಂಬರು, ಜಲ್ಲಿ, ರೋಲರ್ ಅಂತ ಮಾತಾಡುತ್ತಿದ್ದವರು ಬರುವಾಗ ಸಂಚಾರ ಶಾಸ್ತ್ರ ಅನ್ನುವ ಹುಳ ತಲೆಯಲ್ಲಿ ಬಿಟ್ಟುಕೊಂಡು ಬಂದರು. ವೇಗ, ದಟ್ಟಣೆ, ಹರಿವು. ಬೆಳಗ್ಗೆ ಎದ್ದರೆ ಈ ಮೂರೇ ಮಾತು. ರಸ್ತೆಯಲ್ಲಿ ಗಾಡಿಗಳು ಹೆಚ್ಚಾದಂತೆ ಒಂದು ಮಟ್ಟದ ತನಕ ಹೆಚ್ಚು ಹೆಚ್ಚು ದಾಟುತ್ತವಂತೆ, ಆಮೇಲೆ ಇನ್ನೂ ಹೆಚ್ಚಾದರೆ ಕಡಿಮೆ ದಾಟುತ್ತವಂತೆ. ಇದನ್ನು ದೊಡ್ಡ ಗುಟ್ಟು ಹೇಳಿದ ಹಾಗೆ ಹೇಳಿದರು.

"ಇದನ್ನ ಕಲೀಲಿಕ್ಕ ಮುಂಬಯಿಗಿ ಹೋಗಬೇಕಿತ್ತೇನ್ರಿ?" ಅಂದೆ. "ಶ್ರಾವಣ ಸೋಮವಾರ ಗುಡಿ ಬಾಗಲದಾಗ ನಿಂತ್ರ ತಿಳೀತದ."

ಅವರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರು ಬೈಯುವುದಿಲ್ಲ, ಸೀಮೆಸುಣ್ಣ ತೆಗೆದುಕೊಳ್ಳುತ್ತಾರೆ. ನಾಸಿಕ್ ರೋಡಿನಲ್ಲಿ ನಮ್ಮದು ಮಹಡಿ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ನೆಲದ ಮೇಲೆ ಬಾಣದ ಗುರುತು ಬರೆದರು. ಅಡುಗೆಮನೆಗೆ ಹೋಗುವವರು ಎಡಕ್ಕೆ, ಬರುವವರು ಬಲಕ್ಕೆ. ಬಚ್ಚಲ ಎದುರು ಒಂದು ಗೆರೆ, ಒಳಗಿದ್ದವರು ಹೊರಬರುವ ತನಕ ಗೆರೆ ದಾಟುವ ಹಾಗಿಲ್ಲ. ಮಕ್ಕಳಿಬ್ಬರಿಗೂ ಭಾರೀ ಖುಷಿ. ಪೊಂ ಪೊಂ ಅಂತ ಬಾಯಲ್ಲೇ ಹಾರ್ನ್ ಹೊಡೆಯುತ್ತ ನನ್ನ ಕಾಲಿಗೆ ಅಡ್ಡ ಬರುವುದು, ಸಾರಿನ ಪಾತ್ರೆ ಹಿಡಿದ ನಾನು ಅವರನ್ನು ಶಪಿಸುವುದು, ಇದೇ ನಡೆಯಿತು. ಬೀದರಿನಿಂದ ಟ್ರಂಕು ಹೊತ್ತುಕೊಂಡು ಬಂದ ನೆಂಟರೊಬ್ಬರು ಬಾಣದ ವಿರುದ್ಧ ನಡೆದರು ಅಂತ ಅವರನ್ನು ತಿರುಗಿ ಬಾಗಿಲ ತನಕ ಕಳಿಸಿದ ಮಹಾನುಭಾವರು ಇವರು. ಆ ನೆಂಟರು ಎರಡನೆಯ ಸಲ ನಮ್ಮ ಮನೆಗೆ ಬರಲಿಲ್ಲ.

ಅವರ ಶಾಸ್ತ್ರದಲ್ಲಿ ಎತ್ತಿನ ಗಾಡಿಗೆ ಬಹಳ ಮರ್ಯಾದೆ. ಮೆಲ್ಲಗೆ ಹೋಗುತ್ತದೆ, ಅಗಲವಾಗಿ ಹೋಗುತ್ತದೆ, ಆದ್ದರಿಂದ ಒಂದು ಎತ್ತಿನ ಗಾಡಿ ಅಂದರೆ ಹಲವು ಕಾರುಗಳಿಗೆ ಸಮ ಅಂತ ಲೆಕ್ಕ. ಒಂದು ದಿನ ಊಟಕ್ಕೆ ಕೂತವರು ಅದೇ ಹುರುಪಿನಲ್ಲಿ, ನಮ್ಮ ಅಡುಗೆಮನೆ ಬಾಗಿಲಲ್ಲಿ ಅವ್ವ ಒಬ್ಬಳೇ ಮೂರು ಮಂದಿಗೆ ಸಮ ಅಂದುಬಿಟ್ಟರು. ಅವ್ವ ಅಂದರೆ ನನ್ನ ಅತ್ತಿ. ಅವರು ಒಲೆಯ ಮುಂದೆಯೇ ಕೂತು ರೊಟ್ಟಿ ಬಡಿಯುತ್ತಿದ್ದರು.

"ಯಾರಿಗಿ ಎತ್ತಿನ ಗಾಡಿ ಅಂದಿ ತಮ್ಮಾ?" ಅಂತ ಕೇಳಿದರು. ಅವತ್ತು ಇವರ ತಾಟಿಗೆ ರೊಟ್ಟಿಯ ಹರಿವು ಎರಡಕ್ಕೇ ನಿಂತಿತು.

ಅತ್ತಿಯ ಬಗ್ಗೆ ಸ್ವಲ್ಪ ಹೇಳಬೇಕು. ನಿಜಾಮನ ಕಾಲದಲ್ಲಿ ಮಾವನವರಿಗೆ ಔರಂಗಾಬಾದಿನಲ್ಲಿ ನೌಕರಿ ಸಿಕ್ಕಿತ್ತು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಅದೇ ಊರು. ಅತ್ತಿ ಬೀದರಿನಿಂದ ಅಲ್ಲಿಗೆ ಹೋದವರು ಇಪ್ಪತ್ತು ಚಿಲ್ಲರೆ ವರ್ಷ ಅಲ್ಲೇ ಇದ್ದರು. ಅವರ ಓಣಿಯಲ್ಲಿ ಬೀದರ, ಭಾಲ್ಕಿ ಕಡೆಯ ಹತ್ತು ಮನೆ. ರಾಜ್ಯಗಳ ಗಡಿ ಬದಲಾಯಿತು, ನಿಜಾಮ ಹೋದ, ಮಾವನವರೂ ಹೋದರು. ಆ ಓಣಿಯ ಕಟ್ಟೆ ಮೇಲೆ ಕನ್ನಡ ಮಾತ್ರ ಹಾಗೇ ನಡೆದಿತ್ತು. ಆಮೇಲೆ ಇವರಿಗೆ ನಾಸಿಕ್ ರೋಡಿಗೆ ವರ್ಗವಾಯಿತು. ಅತ್ತಿ ಇಲ್ಲಿಗೆ ಬಂದರು, ಕಟ್ಟೆ ಅಲ್ಲೇ ಉಳಿಯಿತು.

ಇಲ್ಲಿ ಮಕ್ಕಳಿಗೆ ಅಜ್ಜಿ ಹೇಳಿದ್ದು ತಿಳಿಯುತ್ತಿತ್ತು, ಆದರೆ ಜವಾಬು ಮಾತ್ರ ಮರಾಠಿಯಲ್ಲಿ. ಅತ್ತಿಯ ಮಗ ಮಾತಾಡಿದರೆ ಅಂಕಿಯಲ್ಲಿ. ನಾನಂತೂ ಕಲಬುರ್ಗಿ ಕಡೆಯವಳು, ಕನ್ನಡಕ್ಕೇನೂ ಕೊರತೆ ಇರಲಿಲ್ಲ. ಆದರೆ ಮುಸುರೆ, ಬಟ್ಟೆ, ಮಕ್ಕಳು, ರೇಷನ್ ಸಾಲು, ಇದರಲ್ಲಿ ಕೂತು ಮಾತಾಡಲು ನನಗೆ ಪುರಸತ್ತೆಲ್ಲಿ? "ಉಪ್ಪು ಹಾಕೀರೇನು?" "ಹಾಕೀನಿ." ಅತ್ತಿ ಸೊಸೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಮನೆ ಎದುರಿಗೇ ನಾಸಿಕ್–ಪುಣೆ ರಸ್ತೆ. ಅದರ ಆ ಕಡೆ ಕರಾವಳಿಯವರ ಒಂದು ಹೋಟೆಲ್ಲು, ಇಡ್ಲಿ ದೋಸೆಯದು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಾಲೀಕರ ತಾಯಿ ಇದ್ದರು. ಮೊಣಕಾಲು ನೋವು, ಎರಡು ಹೆಜ್ಜೆ ನಡೆಯಲಾರರು. ಒಂದು ದಿನ ಅತ್ತಿ ಹಿಟ್ಟಿನ ಗಿರಣಿಗೆ ಹೋದವರು ಆ ಕೋಣೆಯ ಕಿಟಕಿಯಿಂದ ಕನ್ನಡ ಬರುವುದನ್ನು ಕೇಳಿದರು. ಮುಗಿಯಿತು. ಜೋಳದ ಡಬ್ಬಿ ಗಿರಣಿಯಲ್ಲೇ ಮರೆತು ಸಂಜೆ ಐದಕ್ಕೆ ಮನೆಗೆ ಬಂದರು. ಅವತ್ತಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಸೆರಗು ಹೊದ್ದು ರಸ್ತೆ ದಾಟುವುದೇ ದಾಟುವುದು.

ಇಬ್ಬರ ಕನ್ನಡವೂ ಒಂದೇ ಅಲ್ಲ. "ಆಕೀದು ಪುಸ್ತಕ ಓದಿದಂಗ ಅದ" ಅನ್ನುತ್ತಿದ್ದರು ಅತ್ತಿ. ಮನೆಗೆ ಬಂದು ಗೆಳತಿಯ ಮಾತನ್ನು ಆಡಿ ತೋರಿಸುವುದು ಬೇರೆ: "ಎಂಥ ಮಾರಾಯ್ತಿ, ರೊಟ್ಟಿಯನ್ನು ಎಂಥಕ್ಕೆ ಹಾಗೆ ಬಡಿಯುವುದು ನೀವು? ಅದು ನಿಮಗೆ ಎಂಥ ಮಾಡಿದೆ?" ಹೇಳಿ ತಾವೇ ಕಣ್ಣೀರು ಬರುವಂತೆ ನಗುತ್ತಿದ್ದರು. ಅತ್ತಿ ನಗುತ್ತಾರೆ ಅನ್ನುವುದು ನನಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗೊತ್ತಾಯಿತು.

ಹೀಗಿರುವಾಗ ಒಂದು ಸಂಜೆ ಆಗಬಾರದ್ದು ಆಯಿತು. ನೋಟು ಅಚ್ಚು ಹಾಕುವ ಪ್ರೆಸ್ಸಿನ ಪಾಳಿ ಬಿಟ್ಟಿತ್ತು. ಆ ಹೊತ್ತಿಗೆ ರಸ್ತೆ ತುಂಬ ಸೈಕಲ್ಲೋ ಸೈಕಲ್ಲು. ಅತ್ತಿ ಹೋಟೆಲಿನಿಂದ ಮರಳಿ ಬರುತ್ತ ನಡುರಸ್ತೆಗೆ ಬಂದಿದ್ದಾರೆ, ಎದುರಿಗೆ ಒಬ್ಬ ಸೈಕಲ್ಲಿನವನು. ಅತ್ತಿ ಎಡಕ್ಕೆ ಸರಿದರು, ಅವನೂ ಅದೇ ಕಡೆ ತಿರುಗಿಸಿದ. ಅತ್ತಿ ಬಲಕ್ಕೆ, ಅವನೂ ಆ ಕಡೆ. ಹೀಗೆ ಮೂರು ಸಲ ಮರ್ಯಾದೆ ಕೊಟ್ಟುಕೊಂಡು ಕೊನೆಗೆ ಇಬ್ಬರೂ ಕೂಡಿಯೇ ಬಿದ್ದರು. ಅತ್ತಿಯ ಮೊಣಕೈ ತರಚಿತು. ಅವನ ಊಟದ ಡಬ್ಬಿ ಉರುಳಿ ಚರಂಡಿಗೆ ಹೋಯಿತು. ಅತ್ತಿ ಅವನನ್ನು ಕನ್ನಡದಲ್ಲಿ ಜಾಡಿಸಿದರು, ಅವನು "ಮಾಫ್ ಕರಾ ಆಜಿ, ಮಾಫ್ ಕರಾ" ಅಂತ ಮರಾಠಿಯಲ್ಲಿ ಅಳುಮೋರೆ ಮಾಡಿಕೊಂಡು ಅವರನ್ನು ಕೈಹಿಡಿದು ಮಹಡಿ ಹತ್ತಿಸಿದ. ಪಾಪದವನು. ನಾನು ಚಹಾ ಕೊಟ್ಟು ಕಳಿಸಿದೆ.

ನಮ್ಮನೆಯವರು ಆಫೀಸಿನಿಂದ ಬಂದು ಕೇಳಿದರು. ಮುಖ ಬಿಳಿಚಿಕೊಂಡಿತು.

"ಸೈಕಲ್ ಇತ್ತಂತ ಉಳದಿ ಅವ್ವಾ" ಅಂದರು. "ಲಾರಿ ಇದ್ದಿದ್ರ?" ಅವರು ಅಂಕಿ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. "ಇನ್ನ ನೀ ರಸ್ತಾ ದಾಟಬ್ಯಾಡ. ನನ್ನಾಣೆ."

"ಮತ್ತ ನಾ ಏನ್ ಮಾಡ್ಲಿ? ಈ ಮನ್ಯಾಗ ನಾ ಬಾಯಿ ತೆರಿಯೂದು ಊಟಕ್ಕಷ್ಟ" ಅಂದರು ಅತ್ತಿ.

ಇವರು ಸುಮ್ಮನೆ ಬಿಡುವವರಲ್ಲ. ಮರುದಿನವೇ ತಾರಸಿಯ ಗಚ್ಚಿನ ಮೇಲೆ ರಸ್ತೆಯ ಅಗಲಕ್ಕೆ ಎರಡು ಗೆರೆ ಎಳೆದು, ಅತ್ತಿಯನ್ನು ಈ ಗೆರೆಯಿಂದ ಆ ಗೆರೆಗೆ ನಡೆಸಿ, ಗಡಿಯಾರ ಹಿಡಿದು ನಿಂತರು. ಅತ್ತಿ ನಡುವೆ ನಿಂತು ಒಣಹಾಕಿದ ಸಂಡಿಗೆ ಮಗುಚಿ ಹಾಕಿದರು. "ನಡುರಸ್ತೆದಾಗ ಯಾರರ ಸಂಡಿಗಿ ಮಗಚ್ತಾರೇನವ್ವಾ?" ಅಂತ ಇವರು ತಲೆ ಚಚ್ಚಿಕೊಂಡರು. ಲೆಕ್ಕ ಏನಾಯಿತಪ್ಪಾ ಅಂದರೆ, ಅತ್ತಿಗೆ ದಾಟಲು ಬೇಕಾದಷ್ಟು ಬಿಡುವು ಎರಡು ಗಾಡಿಗಳ ನಡುವೆ ಮಧ್ಯಾಹ್ನವೆಲ್ಲ ಕಾದರೂ ಸಿಗುವುದಿಲ್ಲ. ಹಾಗಾದರೆ ಇಷ್ಟು ದಿನ ದಾಟಿದ್ದು ಹೇಗೆ ಅಂತ ಕೇಳಿದೆ. ಶಾಸ್ತ್ರದ ಪ್ರಕಾರ ದಾಟಿಲ್ಲ ಅಂದರು.

ಇದಕ್ಕೆ ಒಂದೇ ದಾರಿ. ನಮ್ಮ ಮನೆಯೆದುರು ರಸ್ತೆಗೆ ಬಿಳಿ ಪಟ್ಟೆ ಬಳಿಯಬೇಕು, ಗಾಡಿ ನಿಲ್ಲಿಸಲು ಒಬ್ಬ ಪೊಲೀಸಪ್ಪ ಬರಬೇಕು. ಅದು ಕೇಳಿದ ಕೂಡಲೇ ಕೊಡುವ ವಸ್ತುವಲ್ಲ. ಏಳು ದಿನ ಗಾಡಿಗಳನ್ನು ಎಣಿಸಿ ಔರಂಗಾಬಾದಿನ ದೊಡ್ಡ ಸಾಹೇಬರಿಗೆ ವರದಿ ಕೊಡಬೇಕು. ಅದರಲ್ಲೂ ಲಾರಿ ಬಸ್ಸುಗಳು ಇಂತಿಷ್ಟಕ್ಕಿಂತ ಹೆಚ್ಚು ಅಂತ ತೋರಿಸಿದರಷ್ಟೇ ಮಂಜೂರಿ. ಎಣಿಸಲು ಇಬ್ಬರು ಆಳುಗಳನ್ನು ಗೊತ್ತುಮಾಡಿದರು. ಬೆಳಗಿನವನು ಬಂದ. ಮಧ್ಯಾಹ್ನದವನು ಭಾವನ ಮದುವೆ ಅಂತ ಯೇವಲಾಕ್ಕೆ ಹೋದವನು ಹೋದವನೇ. ಆಗ ನಮ್ಮನೆಯವರ ಕಣ್ಣು ನಿಧಾನಕ್ಕೆ ನನ್ನ ಕಡೆ ತಿರುಗಿತು.

"ನೀ ಹ್ಯಾಂಗೂ ಮನ್ಯಾಗ ಖಾಲೀನೇ ಇರ್ತಿ" ಅಂದರು.

ಖಾಲಿ ಅಂತೆ! ಆ ಮಾತಿಗೆ ನಾನು ಕೊಟ್ಟ ಜವಾಬು ಇಲ್ಲಿ ಬರೆಯುವಂಥದ್ದಲ್ಲ. ಆದರೂ ಅತ್ತಿಯ ಮುಖ ನೋಡಿ ಒಪ್ಪಿಕೊಂಡೆ.

ಇಲಾಖೆಯ ಹಾಳೆಯಲ್ಲಿ ಗೆರೆ ಹಾಕಿದ ಹತ್ತು ಮನೆ, ಒಂದೊಂದು ಗಾಡಿಗೆ ಒಂದೊಂದು ಗೀಟು. ಕೆಳಗೆ ನೋಡಿ ಗೀಟು ಎಳೆಯುವಷ್ಟರಲ್ಲಿ ಮೇಲೆ ನಾಲ್ಕು ಗಾಡಿ ಪಾರು. ಈ ಗಂಡಸರು ಒಂದು ದಿನವೂ ಕೆಲಸ ಮಾಡಿ ನೋಡದೆ ಹಾಳೆ ಅಚ್ಚು ಹಾಕಿಸುತ್ತಾರೆ. ಹಾಳೆ ಮೂಲೆಗೆಸೆದು ನನ್ನ ಪದ್ಧತಿ ತಂದೆ. ಮೊರದ ತುಂಬ ಕಾಳುಗಳ ಸಣ್ಣ ಸಣ್ಣ ಗುಡ್ಡೆ. ಸೈಕಲ್ಲಿಗೆ ಜೋಳದ ಕಾಳು, ಸ್ಕೂಟರಿಗೆ ತೊಗರಿಬೇಳೆ, ಕಾರಿಗೆ ಕಡ್ಲಿ, ಟಾಂಗಾಕ್ಕೆ ಅಲಸಂದಿ, ಎತ್ತಿನ ಗಾಡಿಗೆ ಹುಣಸೆಬೀಜ, ಲಾರಿ ಬಸ್ಸಿಗೆ ಶೇಂಗಾ. ಹನ್ನೊಂದು ವರ್ಷ ಕಾಳು ಹಸನು ಮಾಡಿದ ಕೈ, ನೋಡದೆಯೇ ಯಾವುದು ಎಲ್ಲಿದೆ ಅಂತ ಬಲ್ಲದು. ಕಣ್ಣು ರಸ್ತೆಯ ಮೇಲೆ, ಕೈ ಮೊರದಲ್ಲಿ. ಗಾಡಿ ಹೋಯಿತು, ಕಾಳು ಡಬ್ಬಿಗೆ ಬಿತ್ತು. ತಾಸಿಗೊಂದು ಡಬ್ಬಿ, ಮೇಲೆ ಇವರು ಇಂಗ್ಲಿಷಿನಲ್ಲಿ ಬರೆದ ಚೀಟಿ. ಸಂಜೆ ಇವರು ಬಂದು ಡಬ್ಬಿ ಸುರಿದು ಎಣಿಸುತ್ತಿದ್ದರು.

"ತಲಿ ಅದ ನಿಂಗ" ಅಂದರು ಇವರು. ನನಗೆ ಗೊತ್ತಿದ್ದದ್ದೇ.

ಏನೂ ತೊಂದರೆ ಆಗಲಿಲ್ಲ ಅಂತಲ್ಲ. ಮೊದಲ ದಿನ ಗುಬ್ಬಿಗಳು ಬಂದು ಹತ್ತಿಪ್ಪತ್ತು ಸೈಕಲ್ಲು ತಿಂದವು. ಒಂದು ಸಲ ಹಾಲು ಉಕ್ಕಿತು ಅಂತ ಒಳಗೆ ಓಡಿದೆ, ಬಂದು ಅಂದಾಜಿಗೆ ಒಂದು ಚಿಟಿಕೆ ಸಂಚಾರ ಹಾಕಿದೆ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಮಾತಾಡುವಂತಿಲ್ಲ, ಲೆಕ್ಕ ತಪ್ಪುತ್ತದೆ ಅಂತ ಇವರ ಕಟ್ಟಪ್ಪಣೆ. ಮಾತಾಡಲು ಯಾರಿದ್ದರು ಬಿಡಿ. ಅತ್ತಿ ರಸ್ತೆ ದಾಟುವುದು ಬಂದ್ ಆದ ದಿನದಿಂದ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಮ್ಮ ಎಣಿಕೆಯ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ ಇವರು ಮೀಟಿಂಗಿಗೆ ಅಂತ ಔರಂಗಾಬಾದಿಗೆ ಹೋದರು. ಬರುವುದು ರವಿವಾರ. ಡಬ್ಬಿಗಳನ್ನು ಹಾಗೇ ಇಡು, ಬಂದು ಎಣಿಸುತ್ತೇನೆ ಅಂದಿದ್ದರು. ಬುಧವಾರ, ಗುರುವಾರ, ಶುಕ್ರವಾರದ ಡಬ್ಬಿಗಳೆಲ್ಲ ಅಡುಗೆಮನೆಯ ಹಲಗೆ ಮೇಲೆ ಸಾಲಾಗಿ ಕೂತವು.

ಶನಿವಾರ ಮಧ್ಯಾಹ್ನ ನಾನು ರಸ್ತೆ ಕಡೆಯ ಗ್ಯಾಲರಿಯಲ್ಲಿ ಕೂತಿದ್ದೆ. ಒಳಗಿನಿಂದ ಶೇಂಗಾ ಹುರಿದ ವಾಸನೆ ಬಂತು. ಬಾಯಲ್ಲಿ ನೀರೂ ಬಂತು. ಆಮೇಲೆ ಒರಳಲ್ಲಿ ದಬ ದಬ ಅಂತ ಕುಟ್ಟುವ ಸಪ್ಪಳ. ಸದ್ಯ, ಅತ್ತಿಯ ಸಿಟ್ಟು ಹೊರಗೆ ಬರುತ್ತಿದೆ, ಬರಲಿ ಅಂದುಕೊಂಡು ಎಣಿಸುತ್ತ ಕೂತೆ. ಹೋಟೆಲಿನ ಮಾಲೀಕರು ಬಂದರು. ಅವರ ತಾಯಿ ಕೇಳಿ ಕಳಿಸಿದ್ದರಂತೆ, ಯಾಕೆ ಬರುತ್ತಿಲ್ಲ, ಮೈಯಲ್ಲಿ ಹುಷಾರು ಉಂಟೋ ಇಲ್ಲವೋ ಅಂತ. ಅತ್ತಿ ಅವರ ಕೈಗೆ ಒಂದು ಸ್ಟೀಲಿನ ಡಬ್ಬಿ ಕೊಟ್ಟು ಕಳಿಸಿದರು. ಹೋಗಲಿ, ತಾನು ದಾಟಲಾಗದಿದ್ದರೆ ಚಟ್ನಿಯಾದರೂ ದಾಟಲಿ ಅಂತ ನನಗೆ ಮನಸ್ಸು ಮೆತ್ತಗಾಯಿತು.

ರವಿವಾರ ಇವರು ಬಂದವರೇ ಕೈಕಾಲು ಸಹ ತೊಳೆಯದೆ ಡಬ್ಬಿ ಸುರಿದರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಕನ್ನಡಕ ಒರೆಸಿಕೊಂಡರು.

"ಬುಧವಾರ ಮಧ್ಯಾಹ್ನ ಲಾರಿ ಬಸ್ಸು ಒಂದೂ ಹೋಗಿಲ್ಲ" ಅಂದರು. "ಗುರುವಾರ ಒಂದೂ ಇಲ್ಲ. ಶುಕ್ರವಾರ ಒಂದೂ ಇಲ್ಲ."

"ಹುಚ್ಚ ಹಿಡದದೇನ್ರಿ? ಕೈ ನೋಯೂತನ ಹಾಕೀನಿ ಶೇಂಗಾ."

ಬೇರೆ ಯಾರಾದರೂ ಆಗಿದ್ದರೆ ಶೇಂಗಾ ಎಲ್ಲಿ ಅಂತ ಹುಡುಕುತ್ತಿದ್ದರು. ಇವರು ತರಬೇತಿಯಾದವರಲ್ಲವೇ, ಕಾರಣ ಹುಡುಕಿದರು. ಹಾಳೆ ತೆಗೆದುಕೊಂಡು ಬರೆಯುತ್ತ ಗಟ್ಟಿಯಾಗಿ ಓದಿದರು. ಪ್ರೆಸ್ಸಿನ ಸೈಕಲ್ಲುಗಳ ದಟ್ಟಣೆಗೆ ಅಂಜಿ ಲಾರಿಯವರು ಸ್ವಇಚ್ಛೆಯಿಂದ ಈ ರಸ್ತೆ ಬಿಟ್ಟಿದ್ದಾರಂತೆ. ಬಸ್ಸುಗಳ ವೇಳಾಪಟ್ಟಿಯೂ ತನ್ನಷ್ಟಕ್ಕೆ ತಾನೇ ಹೊಂದಿಕೊಂಡಿದೆಯಂತೆ. ಇದು ಹೊಸ ಸಂಗತಿಯಂತೆ, ಯಾವ ಪುಸ್ತಕದಲ್ಲೂ ಇಲ್ಲವಂತೆ. ಅವರು ಓದುತ್ತಿದ್ದಾಗ ಕೆಳಗೆ ಲಾರಿಯೊಂದು ಗುಡುಗಿಕೊಂಡು ಹೋಗಿ ಗೂಟದ ಮೇಲಿನ ಕೊಡೆ ಅಲುಗಾಡಿತು. ಹಿಂದೆಯೇ ಎರಡು ಬಸ್ಸು ಹೋದವು.

"ಕಿಟಕ್ಯಾಗ ಹಣಿಕಿ ಹಾಕ್ರಿ ಒಂದಿಷ್ಟು" ಅಂದೆ.

"ಕಣ್ಣಿಗಿ ಕಂಡಿದ್ದಕ್ಕ ಲೆಕ್ಕ ಅನ್ನೂದಿಲ್ಲ" ಅಂದರು. ದನಿ ಏರಿಸಬೇಕಾಯಿತು, ಕೆಳಗೆ ಮತ್ತೊಂದು ಲಾರಿ ಹೊರಟಿತ್ತು.

ಅಷ್ಟರಲ್ಲಿ ಹೋಟೆಲಿನ ಮಾಲೀಕರು ಖಾಲಿ ಡಬ್ಬಿ ವಾಪಸು ಕೊಡಲು ಬಂದರು. ಬಾಗಿಲಲ್ಲೇ ನಿಂತು, "ಅಮ್ಮ ಹೇಳಲಿಕ್ಕೆ ಹೇಳಿದ್ದಾರೆ, ಶೇಂಗಾ ಚಟ್ನಿ ಭಾರಿ ಲಾಯ್ಕ ಆಗಿತ್ತು ಅಂತ. ನಾವೆಲ್ಲರೂ ತಿಂದೆವು" ಅಂದರು.

ಇವರು ಹಾಳೆ ನೋಡಿದರು, ನಾನು ಹಲಗೆ ನೋಡಿದೆ, ಆಮೇಲೆ ಇಬ್ಬರೂ ಅತ್ತಿಯನ್ನು ನೋಡಿದೆವು.

"ಅತ್ತೀ, ಶೇಂಗಾ ಎಲ್ಲಿಂದ ತಗೊಂಡ್ರಿ?"

"ಎಲ್ಲಿಂದ ಅಂದ್ರ? ಆ ಡಬ್ಬ್ಯಾಗಿಂದ. ಕಾಳ ಕಲಿಸಿ ಇಟ್ಟಿದ್ದಿ, ಶೇಂಗಾ ಆರಿಸಿ ತಗದೆ. ಉಳದಿದ್ದು ಇದ್ದಂಗ ಇಟ್ಟೀನಿ." ಅತ್ತಿ ನಮ್ಮಿಬ್ಬರ ಮುಖ ನೋಡಿ ಗಾಬರಿಯಾದರು. "ಯಾಕ? ಅವೇನು ಲಾರಿ ಇದ್ದೂ?"

ಹೋಟೆಲಿನವರು ತಿಂದದ್ದು ಏನು ಅಂತ ಅವರಿಗೆ ವಿವರಿಸಬೇಕಾಯಿತು. ಪಾಪ, ಹೊಟ್ಟೆ ಮುಟ್ಟಿ ನೋಡಿಕೊಂಡರು. ಮೂರು ದಿನದ ಲಾರಿ, ಬಸ್ಸುಗಳೆಲ್ಲ ಬೆಳ್ಳುಳ್ಳಿ ಖಾರದ ಜೊತೆ ಕುಟ್ಟಿಸಿಕೊಂಡು ರಸ್ತೆಯ ಆ ಕಡೆ ಹೋಗಿ ಸೇರಿದ್ದವು. ನನಗೆ ನಗು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ನಕ್ಕೆ. ಮಕ್ಕಳು ನಕ್ಕರು. ಅತ್ತಿ ಮಾತ್ರ ನಗಲಿಲ್ಲ.

"ತಮ್ಮಾ, ಪೊಲೀಸಪ್ಪ ಬರಂಗಿಲ್ಲೇನು ಹಂಗಾದ್ರ?" ಅಂತ ಸಣ್ಣ ದನಿಯಲ್ಲಿ ಕೇಳಿದರು. "ನಾ ದಾಟೂದು ನಾನೇ ಕುಟ್ಟಿ ಕಳಿಸಿದೆನೇನು?"

ಆ ಮುದುಕಿಯ ಮುಖ ನೋಡಿ ನನ್ನ ನಗು ನಿಂತಿತು. ತಪ್ಪು ಅವರದಲ್ಲ. ಡಬ್ಬಿಯಲ್ಲಿ ಏನಿದೆ, ಯಾಕಿದೆ ಅಂತ ನಾನು ಅವರಿಗೆ ಒಂದು ಮಾತು ಹೇಳಿರಲಿಲ್ಲ. ಒಂದೇ ಮನೆಯಲ್ಲಿ ವಾರ ಪೂರ್ತಿ ಇದ್ದೆವು, ನನಗೆ ಹೇಳಬೇಕು ಅನ್ನಿಸಲೇ ಇಲ್ಲ. ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಗಂಡನ ಮೇಲೆ ಹರಿಹಾಯ್ದೆ: "ಬರೀರಲ್ಲ ಒಂದು ಅಂದಾಜಿನ ಅಂಕಿ! ಯಾರು ನೋಡ್ತಾರ?"

ಅದೊಂದು ವಿಷಯದಲ್ಲಿ ಇವರು ಕಲ್ಲು. "ಚಟ್ನ್ಯಾಗಿಂದ ಲಾರಿ ತಿರುಗಿ ತಗಿಯೂ ಸೂತ್ರ ಇಲ್ಲ. ನಾ ಸುಳ್ಳ ಬರಿಯಂಗಿಲ್ಲ" ಅಂದರು. ಹೊಸ ಸಂಗತಿಯ ಹಾಳೆ ಹರಿದು ಹಾಕಿ, ವರದಿಯ ಕೊನೆಗೆ ಷರಾ ಅಂತ ಇರುವ ಜಾಗದಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು. ಮೂರು ಮಧ್ಯಾಹ್ನಗಳ ಭಾರೀ ವಾಹನಗಳನ್ನು ನೆರೆಹೊರೆಯವರು ಸೇವಿಸಿದ್ದಾರೆ ಅಂತ.

ವರದಿ ಹಿಡಿದು ಮತ್ತೆ ಔರಂಗಾಬಾದಿನ ಬಸ್ಸು ಹತ್ತಿದರು. ದೊಡ್ಡ ಸಾಹೇಬರು ಷರಾವನ್ನು ಎರಡು ಸಲ ಓದಿದರಂತೆ. ಆಮೇಲೆ ಗುಮಾಸ್ತರನ್ನೆಲ್ಲ ಕರೆಸಿ ಗಟ್ಟಿಯಾಗಿ ಓದಿಸಿದರಂತೆ. ಒಬ್ಬ ಗುಮಾಸ್ತ ನಕ್ಕು ನಕ್ಕು ಶಾಯಿ ಚೆಲ್ಲಿದನಂತೆ. ನಮ್ಮನೆಯವರು ನೆಟ್ಟಗೆ ನಿಂತೇ ಇದ್ದರಂತೆ. ಕೊನೆಗೆ ಸಾಹೇಬರು ಕಣ್ಣೊರೆಸಿಕೊಂಡು, ಇಷ್ಟು ವರ್ಷದ ನೌಕರಿಯಲ್ಲಿ ನಿಜ ಬರೆದ ವರದಿ ಇದೊಂದೇ ಅಂದು ಮರು ಎಣಿಕೆಗೆ ಹುಕುಂ ಬರೆದರು. ಸಿಕ್ಕಾ ಒತ್ತಿದ ಹುಕುಂ, ನಾನೇ ನೋಡಿದ್ದೇನೆ. ಎಣಿಕೆಗೆ ತಿನ್ನಲು ಬಾರದ ವಸ್ತುಗಳನ್ನೇ ಬಳಸತಕ್ಕದ್ದು ಅಂತ.

ಇವರು ಬರುವಾಗ ಚೀಲದ ತುಂಬ ರಸ್ತೆಯ ಕಡಿ ಕಲ್ಲು ತಂದರು. ನಾಸಿಕ್ ರೋಡಿನಲ್ಲಿ ಕಲ್ಲು ಸಿಗುವುದಿಲ್ಲವೇನೋ ಎನ್ನುವಂತೆ ಅಷ್ಟು ದೂರದಿಂದ ಹೊತ್ತು ತಂದರು. ಲಾರಿಗೆ ಕಲ್ಲು, ಕಾರಿಗೆ ಅಂಗಿ ಗುಂಡಿ, ಸೈಕಲ್ಲಿಗೆ ಬೆಂಕಿಕಡ್ಡಿ. ನಾನು ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂತೆ. ಅತ್ತಿ ಬಂದರು. ಏನೂ ಹೇಳದೆ ಕಲ್ಲಿನ ಬುಟ್ಟಿ ತಮ್ಮ ಕಡೆ ಎಳೆದುಕೊಂಡರು.

"ಲಾರಿ ನನ್ನವು" ಅಂದರು. "ಕಳದಾಕಿ ನಾನು, ಎಣಸಾಕಿನೂ ನಾನೇ."

ಮೊದಲ ಅರ್ಧ ತಾಸು ಇಬ್ಬರೂ ಬರೀ ಎಣಿಸಿದೆವು. ಆಮೇಲೆ ಒಂದು ಲಾರಿಯ ಮೇಲೆ ಹತ್ತಿಯ ಅಂಡಿಗೆಗಳನ್ನು ಮನೆಯೆತ್ತರ ಒಟ್ಟಿದ್ದು ನೋಡಿ ಅತ್ತಿ, "ಇದರ ಮ್ಯಾಗೇ ಕೂತು ಬಂದಿದ್ದೆ ನಾ ಬೀದರದಿಂದ" ಅಂದರು. ಕೂಸು ತೊಡೆಯ ಮೇಲೆ, ಕೂಸು ಅಂದರೆ ಈ ಇಂಜಿನಿಯರು, ದಾರಿಯುದ್ದಕ್ಕೂ ಕಿರುಚಿದ್ದ ಅಂದರು. ನಾನು ನಕ್ಕೆ. ಅವರು ಇನ್ನೊಂದು ಹೇಳಿದರು. ಅದಾದ ಮೇಲೆ ನಾನು ಒಂದು ಹೇಳಿದೆ. ಏಳು ದಿನ, ದಿನಕ್ಕೆ ನಾಲ್ಕು ತಾಸು, ಕಲ್ಲು ಬೀಳುತ್ತಿತ್ತು, ಗುಂಡಿ ಬೀಳುತ್ತಿತ್ತು, ಮಾತು ನಡೆದಿತ್ತು. ಮದುವೆಯಾದ ವರ್ಷ ಅವರ ಬೈಗುಳಕ್ಕೆ ಹೆದರಿ ನೀರಿನ ಹಂಡೆಯ ಹಿಂದೆ ಕೂತು ಅಳುತ್ತಿದ್ದೆ ಅಂತ ಧೈರ್ಯ ಮಾಡಿ ಹೇಳಿದೆ.

"ಗೊತ್ತಿತ್ತು" ಅಂದರು ಅತ್ತಿ. "ಏನಂತ ಕೇಳಬೇಕು ತಿಳೀಲಿಲ್ಲ. ನಂಗ ಯಾರೂ ಕೇಳಿದ್ದಿಲ್ಲ ನೋಡು."

ಅಷ್ಟು ಹೇಳಿ ಒಂದು ಕಲ್ಲು ಹಾಕಿದರು. ಮಾತಿನ ಭರದಲ್ಲಿ ಲಾರಿ ಒಂದೆರಡು ಹೆಚ್ಚೇ ಬಿದ್ದಿದ್ದರೂ ಬಿದ್ದಿರಬಹುದು. ಅದನ್ನು ನಮ್ಮನೆಯವರಿಗೆ ನಾವು ಇವತ್ತಿನ ತನಕ ಹೇಳಿಲ್ಲ.

ಎಣಿಕೆ ಮುಗಿಯಿತು. ನಾನು ಚಾಪೆ ಸುತ್ತಿಟ್ಟೆ. ಮಾರನೆಯ ದಿನದಿಂದ ಮತ್ತೆ ಮುಸುರೆ, ಬಟ್ಟೆ, ರೇಷನ್ನು. ಎರಡು ತಿಂಗಳಿಗೆ ಮಂಜೂರಿ ಬಂತು. ರಸ್ತೆಗೆ ಬಿಳಿ ಪಟ್ಟೆ ಬಳಿದರು, ದೊಡ್ಡ ಮೀಸೆಯ ಒಬ್ಬ ಪೊಲೀಸಪ್ಪ ಬಂದು ನಿಂತ. ಅತ್ತಿ ಮಧ್ಯಾಹ್ನ ಒಂದಕ್ಕೇ ಇಳಕಲ್ ಸೀರೆ ಉಟ್ಟು ವಿಭೂತಿ ಹಚ್ಚಿಕೊಂಡು ತಯಾರಾದರು. ನಾನು ಕೈಯ ಸಾಬೂನು ಸೆರಗಿಗೆ ಒರೆಸಿಕೊಂಡು ಅವರ ಜೊತೆ ಕೆಳಗಿಳಿದೆ. ಮೊದಲ ದಿನ, ಕೈಹಿಡಿದು ದಾಟಿಸಿ ಬರೋಣ ಅಂತ.

ಪೊಲೀಸಪ್ಪ ಕೈ ಎತ್ತಿದ. ಈ ಕಡೆ ಎರಡು ಲಾರಿ, ಆ ಕಡೆ ಬಸ್ಸು, ಟಾಂಗಾ, ಸೈಕಲ್ಲು, ಎಲ್ಲ ನಿಂತವು. ಅತ್ತಿ ನನ್ನ ಕೈ ಹಿಡಿದು ದೊಡ್ಡ ಮದುವೆಗೆ ಹೊರಟವರ ಹಾಗೆ ನಿಧಾನಕ್ಕೆ ನಡೆದರು. ಪಟ್ಟೆಯ ನಡುವೆ ಬಂದಾಗ ನಾನು ಹೇಳಿದೆ:

"ಆ ಕಡಿ ಬಿಟ್ಟು ನಾ ಹೊಳ್ಳಿ ಹೋಗ್ತೀನಿ ಅತ್ತೀ. ಬಟ್ಟಿ ನೆನಸಿಟ್ಟೀನಿ."

ಅತ್ತಿ ಅ‌ಲ್ಲೇ ನಿಂತುಬಿಟ್ಟರು. ನಡುರಸ್ತೆಯಲ್ಲಿ.

"ಹೊಳ್ಳಿ ಹೋಗಿ ಏನ್ ಮಾಡ್ತಿ?" ಅಂದರು. "ನಂಗರ ಅಲ್ಲಿ ಒಬ್ಬಾಕಿ ಅದಾಳ. ನಿನ್ನ ಮಾತು ಕೇಳಾಕ ಯಾರ ಅದಾರ ಮಗಳ? ಎಣಿಕಿ ಮುಗದಾಗಿಂದ ನೋಡ್ಲತ್ತೀನಿ, ನೀ ಒಬ್ಬಾಕೆ ಗ್ಯಾಲರಿಗಿ ಬಂದು ನಿಂತು ಒಳಗ ಹೋಗ್ತಿ. ಬಟ್ಟಿ ಎಲ್ಲಿ ಓಡಿ ಹೋಗ್ತಾವ? ನಡಿ, ನೀನೂ ಬಾ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಎಲ್ಲಿಗೂ ಸುಮ್ಮನೆ ಮಾತಾಡಲು ಕರೆದಿರಲಿಲ್ಲ. ನನಗೂ ಅದು ಬೇಕಿತ್ತು ಅಂತ ಆ ಕ್ಷಣದ ತನಕ ನನಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ಬಳಬಳ ನೀರು ಬಂತು. ಹೆಜ್ಜೆ ಏಳಲಿಲ್ಲ. ಲಾರಿಗಳು ಹಾರ್ನ್ ಹೊಡೆದವು, ಬಸ್ಸಿನವನು ಕುತ್ತಿಗೆ ಹೊರಗೆ ಹಾಕಿ ಏನೋ ಕೂಗಿದ, ಎತ್ತಿದ ಕೈ ನೋಯುತ್ತಿದ್ದ ಪೊಲೀಸಪ್ಪ "ಓ ಬಾಯಿ, ಚಲಾ, ಚಲಾ!" ಅಂತ ಮರಾಠಿಯಲ್ಲಿ ಒದರಿದ.

ಅತ್ತಿ ಸೆರಗಿನಿಂದ ನನ್ನ ಮುಖ ಒರೆಸಿ, ರಟ್ಟೆ ಹಿಡಿದು ಎಳೆದರು.

"ಅಳೂದಿದ್ರ ಆ ಕಡಿ ಹೋಗಿ ಅಳು ಬೇ. ಇಲ್ಲಿ ಲಾರಿ ನಿಂತಾವ."